ಕೆಟ್ಟ ರಿವ್ಯೂ ತೆಗೆಸಿಕೊಡ್ತೀವಿ ಅಂತ ಫೋನ್ ಬಂದರೆ: ಹೋಮ್‌ಸ್ಟೇ ನಡೆಸೋರು ದಯವಿಟ್ಟು ಓದಿ

ಮೂಡಿಗೆರೆ ಕಡೆಯ ಒಂದು ಹೋಮ್‌ಸ್ಟೇಗೆ ಮಳೆಗಾಲದಲ್ಲಿ ಆದದ್ದು ಇದು. ಮನೆಯವರು ಹೆಸರು ಬೇಡ ಅಂದಿದ್ದಾರೆ. ರಿವ್ಯೂ ತೆಗೆಸ್ತೀವಿ ಅಂತ ಫೋನ್ ಮಾಡಿದ ಏಜೆನ್ಸಿಯ ಹೆಸರನ್ನೂ ಹಾಕಿಲ್ಲ. ಇಂಥವರು ಹೆಸರು ಬದಲಾಯಿಸಿಕೊಂಡು ಬರಬಹುದು, ಕೆಲಸ ಮಾಡೋ ರೀತಿ ಗೊತ್ತಿದ್ದರೆ ಗುರುತು ಹಿಡಿಯೋಕೆ ಸಾಕು.

ಆ ಮನೆಗೆ ಗೂಗಲ್‌ನಲ್ಲಿ 40 ರಿವ್ಯೂ, ಸರಾಸರಿ 4.6. ಜುಲೈನಲ್ಲಿ ತಂಗಿದ್ದ ಒಬ್ಬರು ಒಂದು ಸ್ಟಾರ್ ಕೊಟ್ಟು, ‘ಕರೆಂಟ್ ಇಲ್ಲ, ಬಿಸಿನೀರಿಲ್ಲ, ಕಾಲಿಗೆಲ್ಲ ಜಿಗಣೆ’ ಅಂತ ಬರೆದರು. ನಮ್ಮ ಮಲೆನಾಡಿನವರಿಗೆ ಮಳೆಗಾಲದ ಇಂಬಳ (ಜಿಗಣೆ) ಹೊಸದಲ್ಲ, ಬೆಂಗಳೂರಿನಿಂದ ಬಂದವರಿಗೆ ಅದೇ ದೊಡ್ಡ ಭಯ. ಸರಾಸರಿ 4.5ಕ್ಕೆ ಇಳಿಯಿತು. ವಾರದೊಳಗೆ ಫೋನ್ ಬಂತು: “ಗೂಗಲ್ ಕಡೆಯಿಂದ ಮಾತಾಡ್ತಿದ್ದೀವಿ ಸಾರ್. ಆ ರಿವ್ಯೂ ತೆಗೆಸ್ತೀವಿ, ಚಿಕ್ಕಮಗಳೂರು ಹೋಮ್‌ಸ್ಟೇ ಅಂತ ಹುಡುಕಿದರೆ ನಿಮ್ಮದೇ ಮೊದಲು ಬರೋ ಹಾಗೆ ಮಾಡ್ತೀವಿ.”

ಈ ಮಾತಿನಲ್ಲೇ ಎರಡು ಸುಳ್ಳಿವೆ. ಒಂದು, ಗೂಗಲ್ ಕಡೆಯವರು ಅನ್ನೋದು. ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್ ಹುಡುಕಾಟದಲ್ಲಿ, ಮ್ಯಾಪ್‌ನಲ್ಲಿ ಕಾಣೋ ನಿಮ್ಮ ಹೋಮ್‌ಸ್ಟೇ ಪುಟ) ಪೂರ್ತಿ ಉಚಿತ, ಅದನ್ನು ಇಟ್ಟುಕೊಳ್ಳೋಕೂ ಮೇಲೆ ತರೋಕೂ ಗೂಗಲ್ ದುಡ್ಡು ಕೇಳೋದಿಲ್ಲ. ಎರಡು, ಮೊದಲು ಬರೋ ಹಾಗೆ ಮಾಡ್ತೀವಿ ಅನ್ನೋದು. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಅಂತ ಗೂಗಲ್ ತಾನೇ ಬರೆದುಕೊಂಡಿದೆ. ಮ್ಯಾಪ್‌ನಲ್ಲಿ ಯಾವುದು ಮೇಲೆ ಬರುತ್ತೆ ಅನ್ನೋದು ಹುಡುಕಿದ್ದಕ್ಕೆ ಎಷ್ಟು ಹೊಂದುತ್ತೆ, ಹುಡುಕೋರಿಗೆ ಎಷ್ಟು ಹತ್ತಿರ, ಆ ಜಾಗ ಎಷ್ಟು ಹೆಸರುವಾಸಿ ಅನ್ನೋದರ ಮೇಲೆ ನಿಂತಿದೆ.

ಭಯ ಎಷ್ಟು ಸಣ್ಣದಕ್ಕೆ ಅಂತ ಲೆಕ್ಕ ಹಾಕಿ ನೋಡಿ. 40 ರಿವ್ಯೂಗೆ 4.6 ಅಂದರೆ ಒಟ್ಟು 184 ಸ್ಟಾರ್. ಒಂದು ಸೇರಿ 185, ಅದನ್ನು 41ರಿಂದ ಭಾಗಿಸಿದರೆ 4.51. ಮುಂದೆ ನಾಲ್ಕೇ ನಾಲ್ಕು ಜನ ಐದು ಸ್ಟಾರ್ ಕೊಟ್ಟರೆ 205, ಭಾಗಿಸು 45, ಅಂದರೆ 4.56. ಮತ್ತೆ 4.6 ಅಂತಲೇ ಕಾಣುತ್ತೆ. ಒಂದು ಶನಿವಾರ-ಭಾನುವಾರದ ಅತಿಥಿಗಳು ಮಾಡಿಕೊಡೋ ಕೆಲಸ. ಇಷ್ಟಕ್ಕೆ ಆ ಮನೆಯವರು ತಮ್ಮ ಪ್ರೊಫೈಲನ್ನೇ ಕಳೆದುಕೊಂಡರು.

ಹೇಗೆ ಅಂದರೆ, ಏಜೆನ್ಸಿಯವರು ಮೊದಲು ಓನರ್ ಆಕ್ಸೆಸ್ ಕೇಳಿದರು. ಪ್ರೊಫೈಲ್‌ನಲ್ಲಿ ಓನರ್, ಮ್ಯಾನೇಜರ್ ಅಂತ ಎರಡು ಬಗೆ. ಮ್ಯಾನೇಜರ್ ಆದವರು ಫೋಟೊ ಹಾಕಬಹುದು, ರಿವ್ಯೂಗೆ ಉತ್ತರ ಬರೆಯಬಹುದು, ಸಮಯ ತಿದ್ದಬಹುದು, ಬೇರೆಯವರನ್ನು ಸೇರಿಸೋಕೆ, ತೆಗೆಯೋಕೆ ಆಗಲ್ಲ. ಓನರ್‌ಗೆ ಅದೂ ಆಗುತ್ತೆ. ಹೊಸದಾಗಿ ಸೇರಿದ ಓನರ್ ಮೊದಲ 7 ದಿನ ಬೇರೆಯವರನ್ನು ತೆಗೆಯೋ ಹಾಗಿಲ್ಲ. ಹಾಗಾಗಿ ಆ ವಾರವೆಲ್ಲ ನಯವಾಗಿ ಮಾತಾಡಿಸಿಕೊಂಡು ಇದ್ದರು. ಎಂಟನೇ ದಿನ ‘ಪ್ರೈಮರಿ ಓನರ್’ (ಓನರ್‌ಗಳಲ್ಲಿ ಮುಖ್ಯ) ಸ್ಥಾನವನ್ನೂ ಮನೆಯವರ ಕೈಯಿಂದಲೇ ವರ್ಗಾಯಿಸಿಕೊಂಡರು. ಆಮೇಲೆ ಮನೆಯವರ ಜಿಮೇಲ್ ಪಟ್ಟಿಯಿಂದಲೇ ಮಾಯ. ಯಾರಿಗಾದರೂ ಆಕ್ಸೆಸ್ ಕೊಡಲೇಬೇಕಾಗಿ ಬಂದರೆ ಮ್ಯಾನೇಜರ್ ಮಾತ್ರ ಕೊಡಿ. ಜಿಮೇಲ್ ಪಾಸ್‌ವರ್ಡ್, ಒಟಿಪಿ ಯಾರಿಗೂ ಬೇಡ, ಪರಿಚಯದ ಹುಡುಗ ಆಗಿದ್ದರೂ ಸರಿ.

ಮುಂದಿನದು ಸುಳ್ಳು ರಿವ್ಯೂಗಳ ಮಳೆ. ಹತ್ತೇ ದಿನದಲ್ಲಿ ಮೂವತ್ತಕ್ಕೂ ಹೆಚ್ಚು. ‘ನೈಸ್ ಪ್ಲೇಸ್, ಬೆಸ್ಟ್ ಸರ್ವೀಸ್’ ಅನ್ನೋ ಒಂದೇ ಧಾಟಿ. ಬರೆದವರ ಹೆಸರು ಒತ್ತಿ ನೋಡಿದರೆ ಅದೇ ವಾರ ಇನ್ನೊಂದು ರಾಜ್ಯದ ಹಲ್ಲಿನ ಕ್ಲಿನಿಕ್‌ಗೂ ಟೈರ್ ಅಂಗಡಿಗೂ ಐದು ಸ್ಟಾರ್. ಒಬ್ಬರಂತೂ ಈಜುಕೊಳ ತುಂಬ ಚೆನ್ನಾಗಿದೆ ಅಂತ ಬರೆದಿದ್ದರು. ಕಾಫಿ, ಮೆಣಸಿನ ನಡುವಿನ ಆ ಮನೆಯಲ್ಲಿ ಇರೋದು ಹಂಡೆ ಒಲೆ ಮತ್ತು ಒಂದು ಕೆರೆ. ಈಜುಕೊಳ ಅಂತ ನಂಬಿ ಮಕ್ಕಳನ್ನು ಕರೆದುಕೊಂಡು ಬಂದ ಕುಟುಂಬ ಮೋಸ ಅಂತ ಒಂದು ಸ್ಟಾರ್ ಕೊಟ್ಟಿತು. ಅದು ಸುಳ್ಳು ರಿವ್ಯೂ ಅಲ್ಲ, ಅಪ್ಪಟ ನಿಜದ್ದು.

ಜೊತೆಗೆ ಹೆಸರಿಗೆ ‘ಬೆಸ್ಟ್ ಹೋಮ್‌ಸ್ಟೇ ಮುಳ್ಳಯ್ಯನಗಿರಿ ಹತ್ತಿರ’ ಅಂತ ಬಾಲ ಸೇರಿಸಿದರು, ಮ್ಯಾಪ್‌ನ ಗುರುತನ್ನು ಮುಳ್ಳಯ್ಯನಗಿರಿ ದಾರಿಯ ಕೈಮರದ ಕಡೆಗೆ ಎಳೆದು ಇಟ್ಟರು. ಹತ್ತಿರ ಅಂತ ತೋರಿಸೋ ಉಪಾಯ. ರಾತ್ರಿ ಒಂಬತ್ತಕ್ಕೆ ಮಳೆಯಲ್ಲಿ ಕೈಮರಕ್ಕೆ ಬಂದು ನಿಂತ ಕಾರಿನವರು ಮತ್ತೆ ಚಿಕ್ಕಮಗಳೂರಿಗೆ ಇಳಿದು ಮೂಡಿಗೆರೆ ದಾರಿ ಹಿಡಿಯಬೇಕಾಯಿತು. ಘಾಟಿಯಲ್ಲಿ ಸಿಗ್ನಲ್ ಇಲ್ಲದ ಕಡೆ ಹೀಗೆ ದಾರಿ ತಪ್ಪಿಸೋದು ಬರೀ ವ್ಯಾಪಾರದ ಮೋಸ ಅಲ್ಲ, ಜೀವದ ಜೊತೆ ಆಟ. ಅಂಗಡಿ ಬೋರ್ಡಿನಲ್ಲಿ ಇರೋ ಹೆಸರೇ ಪ್ರೊಫೈಲ್‌ನಲ್ಲಿ ಇರಬೇಕು ಅನ್ನೋದು ಗೂಗಲ್ ನಿಯಮ, ಮೀರಿದರೆ ಪ್ರೊಫೈಲ್ ಅಮಾನತಾಗಬಹುದು.

ಅದೇ ಆಯಿತು. ಗೂಗಲ್ ಸುಳ್ಳು ರಿವ್ಯೂ ಅಳಿಸಿದಾಗ ಕೆಲವು ನಿಜದವೂ ಹೋದವು. ಸುಳ್ಳು ರಿವ್ಯೂ ತೆಗೆಯಲಾಗಿದೆ ಅನ್ನೋ ಎಚ್ಚರಿಕೆ ಎಲ್ಲರಿಗೂ ಕಾಣೋ ಹಾಗೆ ಬಂತು, ಕೊನೆಗೆ ಪ್ರೊಫೈಲೇ ಅಮಾನತಾಯಿತು. ಕೆಟ್ಟ ರಿವ್ಯೂ ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ನಿಜವಾದ ಅತಿಥಿ ನಿಜವಾದ ಅನುಭವ ಬರೆದಿದ್ದರೆ, ನಮಗೆ ಎಷ್ಟೇ ನೋವಾದರೂ ಗೂಗಲ್ ಅದನ್ನು ತೆಗೆಯಲ್ಲ. ಬೈಗುಳ, ಸಂಬಂಧವಿಲ್ಲದ ವಿಷಯ, ಪೈಪೋಟಿಯವರು ಬರೆದದ್ದು, ಬಾರದೇ ಇದ್ದವರು ಬರೆದದ್ದು, ಇಂಥವನ್ನು ರಿವ್ಯೂ ಪಕ್ಕದ ಮೂರು ಚುಕ್ಕಿ ಒತ್ತಿ ರಿಪೋರ್ಟ್ ಮಾಡಬಹುದು. ತಿರಸ್ಕಾರವಾದರೆ ಒಂದು ಸಲ ಮಾತ್ರ ಮೇಲ್ಮನವಿ. ಬುಕಿಂಗ್ ಪುಸ್ತಕದಲ್ಲಿ ಆ ದಿನಾಂಕದ ಪುಟ ಇದ್ದರೆ ಅದನ್ನು ನೋಡಿಕೊಂಡು ಬರೆಯಿರಿ.

ಅಮಾನತಾದ ಮೇಲೆ ಗಾಬರಿಯಲ್ಲಿ ಇನ್ನೊಂದು ಹೊಸ ಪ್ರೊಫೈಲ್ ತೆರೆಯಬೇಡಿ, ಅದು ತೊಡಕನ್ನು ಹೆಚ್ಚಿಸುತ್ತೆ. ಮೊದಲು ಮಾಲೀಕತ್ವ ವಾಪಸ್ ಕೇಳಿ: ಕೋರಿಕೆ ಹಾಕಿದರೆ ಈಗಿನ ಓನರ್‌ಗೆ ಉತ್ತರಿಸೋಕೆ 3 ದಿನ, ಸುಮ್ಮನಿದ್ದರೆ ನೀವೇ ಪಡೆಯೋ ದಾರಿ ತೆರೆಯಬಹುದು. ಹೆಸರು, ಮ್ಯಾಪ್‌ನ ಗುರುತು ಸರಿ ಮಾಡಿ ಆಮೇಲೆ ಅಮಾನತಿನ ವಿರುದ್ಧ ಮೇಲ್ಮನವಿ. ಇಲ್ಲಿ ಜನ ಎಡವೋ ಜಾಗ ಒಂದಿದೆ. ದಾಖಲೆ ಹಾಕೋ ಫಾರಂ ತೆರೆದ ಮೇಲೆ ಸಿಗೋದು 60 ನಿಮಿಷ ಮಾತ್ರ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪತ್ರ, ಜಿಎಸ್‌ಟಿ ಇದ್ದರೆ ಅದು, ಕರೆಂಟ್ ಬಿಲ್ಲು (ನಮ್ಮಲ್ಲಿ ಮೆಸ್ಕಾಂ, ಹಾಸನದ ಕಡೆ ಸೆಸ್ಕ್), ಬೋರ್ಡು ಕಾಣೋ ಫೋಟೊ, ಎಲ್ಲ ಫೋನಿನಲ್ಲಿ ಮೊದಲೇ ಇರಲಿ. ಎಷ್ಟೋ ಮನೆಯಲ್ಲಿ ಬಿಲ್ಲು ಇನ್ನೂ ಅಪ್ಪನ ಹೆಸರಲ್ಲಿ, ವಿಳಾಸ ಬರೀ ಎಸ್ಟೇಟ್ ಹೆಸರಲ್ಲಿ ಇರುತ್ತೆ. ಪ್ರೊಫೈಲ್ ಒಂದು ಹೇಳಿ ಕಾಗದ ಇನ್ನೊಂದು ಹೇಳಿದರೆ ಮನವಿ ಬಿದ್ದುಹೋಗಬಹುದು. ಮಳೆಯಲ್ಲಿ ಟವರ್ ನಂಬಬೇಡಿ, ಪೇಟೆಗೆ ಹೋಗಿ ಮಾಡಿ.

ಇದೇ ಬಗೆಯವರು ‘ಹಳೇ ಸುದ್ದಿ ಅಳಿಸ್ತೀವಿ’ ಅಂತಲೂ ಬರ್ತಾರೆ. ಒಂದು ರೀತಿ ಹೀಗೆ: ಪತ್ರಿಕೆಯ ವರದಿಯನ್ನು ಒಂದು ಬ್ಲಾಗಿಗೆ ನಕಲು ಮಾಡಿ, ಹಿಂದಿನ ದಿನಾಂಕ ಹಾಕಿ, ಮೂಲ ತಮ್ಮದೇ ಅಂತ ಗೂಗಲ್‌ಗೆ ಕೃತಿಸ್ವಾಮ್ಯದ ದೂರು ಕೊಡೋದು. ಅಂಥ ದೂರುಗಳ ಪ್ರತಿಯನ್ನು ಗೂಗಲ್ ‘ಲ್ಯೂಮೆನ್’ ಅನ್ನೋ ಸಾರ್ವಜನಿಕ ದಾಖಲೆಗೆ ಕಳಿಸುತ್ತೆ. ಮುಚ್ಚೋಕೆ ಹೋದದ್ದೇ ಹೊಸದಾಗಿ ಬಯಲಿಗೆ ಬರಬಹುದು, ಸುಳ್ಳು ಹೇಳಿಕೆಯ ಹೊಣೆಯೂ ನಿಮ್ಮ ತಲೆಗೆ. ವರದಿ ತಪ್ಪಿದ್ದರೆ ಸಂಪಾದಕರಿಗೆ ದಾಖಲೆ ಸಮೇತ ಬರೆದು ತಿದ್ದಿಸಿ. ಪುಟ ಬದಲಾದ ಮೇಲೂ ಹುಡುಕಾಟದಲ್ಲಿ ಹಳೇ ಸಾಲು ಕಾಣುತ್ತಿದ್ದರೆ ಅದನ್ನು ಹೊಸದಾಗಿಸಲು ಗೂಗಲ್‌ನಲ್ಲಿ ಉಚಿತ ಸೌಲಭ್ಯವಿದೆ.

ಆ ಜುಲೈ ರಿವ್ಯೂಗೆ ಮೊದಲ ದಿನವೇ ನಾಲ್ಕು ಸಾಲು ಉತ್ತರ ಬರೆದಿದ್ದರೆ ಆಗುತ್ತಿತ್ತು: ‘ಆ ರಾತ್ರಿ ಗಾಳಿಗೆ ಮರ ಬಿದ್ದು ಕರೆಂಟ್ ಹೋಗಿತ್ತು, ತೊಂದರೆಗೆ ಕ್ಷಮೆ ಇರಲಿ. ಕರೆಂಟ್ ಹೋದಾಗ ಈಗ ಹಂಡೆಯಲ್ಲಿ ನೀರು ಕಾಯಿಸಿ ಕೊಡುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದಲ್ಲಿ ಇಂಬಳ ಇರುತ್ತೆ ಅಂತ ಬುಕಿಂಗ್ ಮಾಡುವಾಗಲೇ ಹೇಳುತ್ತಿದ್ದೇವೆ, ಉಪ್ಪು ಕೊಡುತ್ತೇವೆ.’ ಮುಂದೆ ಬರೋ ಅತಿಥಿ ಓದೋದು ಇದನ್ನೇ. ರಿವ್ಯೂ ಕೇಳೋದಾದರೆ ಖುಷಿಯಾದವರನ್ನು ಮಾತ್ರವಲ್ಲ, ಹೊರಡೋ ಎಲ್ಲರನ್ನೂ ಕೇಳಿ. ಅದಕ್ಕೆ ರಿಯಾಯಿತಿ, ಕಾಫಿಪುಡಿ ಕೊಡೋದು ನಿಯಮಕ್ಕೆ ವಿರುದ್ಧ.

ಈಗಾಗಲೇ ದುಡ್ಡು ಕೊಟ್ಟವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಿ. ಯುಪಿಐ ವಹಿವಾಟಿನ ಸಂಖ್ಯೆ, ವಾಟ್ಸಾಪ್ ಮಾತುಕತೆ, ಅವರು ಕಳಿಸಿದ ಬಿಲ್ಲು ಜೊತೆಗಿಡಿ. ತಿಂಗಳ ಕಂತಿಗೆ ಆಟೋಪೇ ಒಪ್ಪಿದ್ದರೆ ಯುಪಿಐ ಆ್ಯಪ್‌ನಲ್ಲಿ ಅದನ್ನು ಮೊದಲು ರದ್ದು ಮಾಡಿ.