ಬಿರುಕಿನ ಮೇಲೆ ಪುಟ್ಟಿ ಬಳಿಯಲು ಬಿಡಬೇಡಿ

ಗೋಡೆ ಬಿರುಕು ಬಿಟ್ಟಿದೆಯಾ? ಪುಟ್ಟಿ ತುಂಬಿ, ಬಣ್ಣ ಹೊಡೆದು ಎರಡೇ ದಿನದಲ್ಲಿ ಸರಿ ಮಾಡಿಕೊಡ್ತೀನಿ ಅನ್ನುವವರು ಬಂದರೆ ದಯವಿಟ್ಟು ಗೇಟಿನಿಂದಲೇ ಕಳಿಸಿಬಿಡಿ. ನನ್ನ ಅಪ್ಪ ಅಮ್ಮನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಅವರ ಮನೆ ಇರುವುದು ಶಿವಮೊಗ್ಗದ ಹೊರಗೆ. ಜಂಬಿಟ್ಟಿಗೆ ಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು. ಅಡುಗೆಮನೆ ಆಮೇಲೆ ಹಿಂದೆ ಸೇರಿಸಿದ್ದು. 2021ರ ಜನವರಿ 21ರ ರಾತ್ರಿ ನೆನಪಿದೆ ಅಲ್ವಾ? ಶಿವಮೊಗ್ಗ ಪಕ್ಕದ ಹುಣಸೋಡಿನ ಕಲ್ಲು ಕ್ವಾರಿ ಹತ್ತಿರ ಸ್ಫೋಟಕಗಳು ಸಿಡಿದಾಗ, ಭೂಕಂಪ ಅಂದುಕೊಂಡು ಜನ ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಬಂದಿದ್ದರು. ಚಿಕ್ಕಮಗಳೂರು, ದಾವಣಗೆರೆ ಕಡೆಯವರಿಗೂ ಅದು ಗೊತ್ತಾಗಿತ್ತು. ನಮ್ಮ ಮನೆಯಲ್ಲಿ ಕಿಟಕಿ ಗಾಜು ಒಡೆಯಿತು. ಅಡುಗೆಮನೆ ಸೇರುವ ಮೂಲೆಯಲ್ಲಿ ಮೇಲಿಂದ ಕೆಳಗಿನವರೆಗೆ ಬಿರುಕು ಬಿತ್ತು.

ಸ್ವಲ್ಪ ದಿನಕ್ಕೆ ಒಬ್ಬ ಕಂಟ್ರ್ಯಾಕ್ಟರ್ ಮನೆಮನೆಗೆ ಬಂದ. "ಯಜಮಾನ್ರೇ, ಇದು ಬರೀ ಏರ್ ಕ್ರ್ಯಾಕು, ಕೂದಲೆಳೆಯಷ್ಟು ಬಿರುಕು. ನಾನು ಮಾಡಿಕೊಟ್ಟ ಮೇಲೆ ಭೂಕಂಪ ಆದ್ರೂ ಅಲ್ಲಾಡಲ್ಲ" ಅಂತ ಅಪ್ಪನಿಗೆ ಭರವಸೆ ಕೊಟ್ಟ. ಸಾಮಾನು ತರಬೇಕು ಅಂತ ಪೂರ್ತಿ ದುಡ್ಡು ಮೊದಲೇ ತೆಗೆದುಕೊಂಡ. ಹಳೇ ಗಾರೆಯನ್ನು ಕೆರೆದೂ ನೋಡಲಿಲ್ಲ. ಮೇಲಿಂದಲೇ ಪುಟ್ಟಿ ಎಳೆದು ಬಣ್ಣ ಹೊಡೆದು ಹೋದ. ಗೋಡೆ ಹೊಸದರ ಹಾಗೆ ಕಾಣುತ್ತಿತ್ತು.

ಮಳೆಗಾಲ ಶುರುವಾಯಿತು. ನಮ್ಮ ಕಡೆ ಮಳೆ ಅಂದರೆ ವಾರಗಟ್ಟಲೆ ಬಿಡುವುದಿಲ್ಲ. ಬಿರುಕಿನೊಳಗೆ ನೀರು ಇಳಿಯುತ್ತಿದ್ದದ್ದು ಬಣ್ಣದ ಕೆಳಗೆ ಯಾರಿಗೂ ಕಾಣಲಿಲ್ಲ. ಒಂದು ರಾತ್ರಿ ಮಾಡಿನ ಕೆಳಗಿನ ತ್ರಿಕೋನದ ಗೋಡೆ ಹೊರಗಡೆ ಕುಸಿಯಿತು. ಬಿದ್ದದ್ದು ಅಮ್ಮ ದಿನಾ ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಹಗಲಾಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಕೈ ನಡುಗುತ್ತದೆ.

ಆಮೇಲೆ ಬಂದ ಸಿವಿಲ್ ಇಂಜಿನಿಯರ್ ಮೊದಲು ಮಾಡಿದ ಕೆಲಸ ಉಳಿದ ಗೋಡೆಯ ಪುಟ್ಟಿ ಕೆರೆದದ್ದು. ಬಿರುಕು ಒಳಗಿನಿಂದ ಹೊರಗಿನವರೆಗೂ ಹಾಯ್ದಿತ್ತು. ಅಡುಗೆಮನೆಯ ಹೊಸ ಗೋಡೆಯ ಕಲ್ಲನ್ನು ಹಳೇ ಗೋಡೆಗೆ ಬೆಸೆದೇ ಇರಲಿಲ್ಲ, ಸುಮ್ನೆ ಒತ್ತಿ ನಿಲ್ಲಿಸಿದ್ದರು. ಬಾಗಿಲು ಕಿಟಕಿ ಮೇಲೆ ಮನೆ ಸುತ್ತ ಹಾಯುವ ಕಾಂಕ್ರೀಟ್ ಪಟ್ಟಿಯೂ ಇಲ್ಲ. ತ್ರಿಕೋನದ ಗೋಡೆಗೂ ಮಾಡಿನ ಮರಕ್ಕೂ ಯಾವ ಕಟ್ಟೂ ಇಲ್ಲ. ಹೀಗಿದ್ದಾಗ ನೆಲ ಅದುರಿದರೆ ಒಂದೊಂದು ಗೋಡೆ ಒಂದೊಂದು ಕಡೆಗೆ ವಾಲುತ್ತದೆ. ಪುಟ್ಟಿಗೆ ಅದನ್ನು ಹಿಡಿದಿಡುವ ಶಕ್ತಿ ಎಲ್ಲಿಂದ ಬರಬೇಕು?

ಗಾರೆಯ ಮೇಲೆ ಕೂದಲೆಳೆಯಷ್ಟು ಬಿರುಕಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಕಿಟಕಿ ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟದ್ದು, ಎರಡು ಗೋಡೆ ಸೇರುವಲ್ಲಿ ಉದ್ದಕ್ಕೆ ಬಿಟ್ಟದ್ದು, ಗೋಡೆಯ ಎರಡೂ ಕಡೆ ಕಾಣುವುದು, ಇವನ್ನು ಮಾತ್ರ ಬಿಡಬೇಡಿ. ನಾಣ್ಯ ತೂರುವಷ್ಟು ಅಗಲವಿದ್ದರೆ ಅಥವಾ ಗೋಡೆ ಉಬ್ಬಿದ್ದರೆ ಕಾಯಲೇಬೇಡಿ, ಇಂಜಿನಿಯರ್ ಕರೆಸಿ. ಬಿರುಕು ಬೆಳೆಯುತ್ತಿದೆಯಾ ಅಂತ ತಿಳಿಯಲು ಅದಕ್ಕೆ ಅಡ್ಡವಾಗಿ ತೆಳು ಗಾಜಿನ ಪಟ್ಟಿಯನ್ನು ಎರಡು ತುದಿಗೆ ಸಿಮೆಂಟ್ ಹಾಕಿ ಅಂಟಿಸಿ, ಪಕ್ಕದಲ್ಲಿ ತಾರೀಕು ಬರೆಯುತ್ತಾರೆ. ಗಾಜು ಒಡೆದರೆ ಗೋಡೆ ಇನ್ನೂ ಅಲುಗಾಡುತ್ತಿದೆ ಅಂತ ಅರ್ಥ.

ಸರಿಯಾದ ರಿಪೇರಿ ಹೇಗಿರುತ್ತದೆ ಅಂತ ನಾವು ಎರಡನೇ ಸಲ ಕಣ್ಣಾರೆ ನೋಡಿದೆವು. ಗಾರೆ ಕಿತ್ತು, ಬಿರುಕು ತೊಳೆದು, ಒಳಗೆ ಸಿಮೆಂಟ್ ಹಾಲು ಇಳಿಸಿದರು. ಗೋಡೆಯ ಎರಡೂ ಕಡೆ ಕಬ್ಬಿಣದ ಜಾಲರಿ ಇಟ್ಟು, ಗೋಡೆ ತೂರಿ ಬರುವ ತಂತಿಯಿಂದ ಬಿಗಿದು, ಮೇಲೆ ಗಾರೆ ಮಾಡಿದರು. ಮೂಲೆಯಲ್ಲೂ ಜಾಲರಿಯನ್ನು ಎರಡೂ ಗೋಡೆಗೆ ತಿರುಗಿಸಿದರು. ಬಾಗಿಲಿನ ಮೇಲ್ಮಟ್ಟದಲ್ಲಿ ಇದೇ ಜಾಲರಿ ಮನೆ ಸುತ್ತ ಪಟ್ಟಿಯಾಗಿ ಬಂತು. ಬಿದ್ದ ಭಾಗವನ್ನು ಮತ್ತೆ ಕಟ್ಟಿ ಮಾಡಿನ ತೊಲೆಗೆ ಬಿಗಿದರು. ದಿನಾ ನೀರು ಹಾಕಿ ಕ್ಯೂರಿಂಗ್ ಮಾಡಿದ ಮೇಲೇ ಬಣ್ಣ. ಖರ್ಚು ಜಾಸ್ತಿ ಆಯಿತು, ನಿಜ.

ಮಲೆನಾಡಿಗೆಲ್ಲಿ ಭೂಕಂಪ ಬರುತ್ತದೆ ಅನ್ನುವವರಿದ್ದಾರೆ. 1993ರಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿ ಕೂಡ ಆಗಿನ ಭೂಕಂಪ ಅಪಾಯದ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಮೊದಲನೇ ವಲಯದಲ್ಲೇ ಇತ್ತು. ಅಲ್ಲಿ ಸಾವಿರಾರು ಜನ ಸತ್ತದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಭಾರದ ಮಣ್ಣಿನ ಮಾಳಿಗೆ ಮೈಮೇಲೆ ಬಿದ್ದು. 2022ರಲ್ಲಿ ಕೊಡಗಿನ ಚೆಂಬು, ಸಂಪಾಜೆ ಕಡೆ ಮತ್ತೆ ಮತ್ತೆ ನೆಲ ನಡುಗಿತ್ತು. ಹಾಗಾಗಿ ಎತ್ತರದ ಬೀರುವನ್ನು ಗೋಡೆಗೆ ಬಿಗಿಸಿ. ಮಲಗುವ ಜಾಗದ ಮೇಲಿನ ಅಟ್ಟದಿಂದ ಹಂಡೆ, ಕೊಪ್ಪರಿಗೆ ಇಳಿಸಿ. ಗ್ಯಾಸ್ ರೆಗ್ಯುಲೇಟರ್, ಕರೆಂಟಿನ ಮೇನ್ ಸ್ವಿಚ್ ಆಫ್ ಮಾಡುವುದನ್ನು ಮನೆಯವರಿಗೆಲ್ಲ ಕಲಿಸಿ. ನೆಲ ಅದುರುವಾಗ ಹಂಚಿನ ಮನೆಯ ಸೂರಿನ ಕೆಳಗೆ ನಿಲ್ಲಬೇಡಿ, ಹಂಚು ಜಾರಿ ಬೀಳುವುದು ಅಲ್ಲೇ.

ಆ ಕಂಟ್ರ್ಯಾಕ್ಟರ್ ಈಗ ಫೋನ್ ಎತ್ತುವುದಿಲ್ಲ. ಬಿಲ್ಲು ಕೊಡದೇ ಹೋಗಿದ್ದರಿಂದ ನಮ್ಮ ಕೈಯಲ್ಲಿ ಏನೂ ಇಲ್ಲ. ನೀವು ಕೆಲಸ ಕೊಡುವಾಗ ಏನೇನು ಮಾಡುತ್ತಾರೆ ಅಂತ ಬರೆಸಿಕೊಳ್ಳಿ, ಬಿಲ್ಲು ತೆಗೆದುಕೊಳ್ಳಿ. ಗಾರೆ ಕಿತ್ತಾಗ, ಜಾಲರಿ ಕಟ್ಟಿದಾಗ ಫೋಟೋ ತೆಗೆದು, ಅದನ್ನು ನೋಡಿಯೇ ಮುಂದಿನ ಕಂತು ಕೊಡಿ. ಮೋಸವಾದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ಅಲ್ಲಿ ತೋರಿಸಲು ಆ ಬಿಲ್ಲು, ಆ ಫೋಟೋ ಬೇಕೇ ಬೇಕು.