ನಾಲ್ಕು ದೋಣಿ, ನಾಲ್ಕು ಬಿಲ್

ಹುಬ್ಬಳ್ಳಿಯ ಜವಳಿ ಸಾಲಿನಲ್ಲಿ ಒಂದು ಬಟ್ಟೆ ಅಂಗಡಿಯ ಲೆಕ್ಕ ಬರೆಯುವುದು ನನ್ನ ಕೆಲಸ. ಆ ಚಾಳಿ ಪ್ರವಾಸದಲ್ಲೂ ಬಿಡುವುದಿಲ್ಲ. ಎಲ್ಲಿಗೆ ಹೋದರೂ ಪರ್ಸಿನಲ್ಲಿ ಒಂದು ಸಣ್ಣ ಡೈರಿ ಇರುತ್ತದೆ. ಕುಡಿದ ಚಹಾದ ರೊಕ್ಕವನ್ನೂ ಅದರಲ್ಲಿ ಬರೆಯುತ್ತೇನೆ. ಮನೆಯವರು ನಗುತ್ತಾರೆ, ನಗಲಿ.

ಹುಬ್ಬಳ್ಳಿಯವರಿಗೆ ದೋಣಿ ಅಂದರೆ ಉಣಕಲ್ ಕೆರೆಯ ಬೋಟಿಂಗ್, ಅಷ್ಟೇ. ನಮ್ಮೂರಲ್ಲಿ ನದಿ ಇಲ್ಲ. ನಳದ ನೀರು ಬರುವ ದಿನ ಮನೆಯ ಕೊಡ, ಬಿಂದಿಗೆ, ಬಕೆಟ್ ಎಲ್ಲ ತುಂಬಿಟ್ಟುಕೊಂಡು ಬೆಳೆದವರು ನಾವು. ಅದಕ್ಕೋ ಏನೋ, ತುಂಬಿ ಹರಿಯುವ ನೀರಿನ ಮೇಲೆ ಸುಮ್ನೆ ಕೂತು ಹೋಗಬೇಕು ಅನ್ನುವ ಆಸೆ ನನಗೆ ಜಾಸ್ತಿ. ಎರಡು ವರ್ಷದ ಆಸುಪಾಸಿನಲ್ಲಿ ನಾಲ್ಕು ಕಡೆ ಹೋಗಿ ಬಂದೆವು. ಡೈರಿಯ ನಾಲ್ಕೂ ಲೆಕ್ಕ ಪಕ್ಕ ಪಕ್ಕ ಇಟ್ಟಾಗ ಒಂದು ಮಾತು ಹೊಳೆಯಿತು. ಜಾಹೀರಾತಿನಲ್ಲಿ ಬರೆದ ದರಕ್ಕೂ ನಮ್ಮ ಕೈಯಿಂದ ಹೋದ ರೊಕ್ಕಕ್ಕೂ ಸಂಬಂಧ ಕಡಿಮೆ. ಹಾಗಾಗಿ ನಾನು ಎರಡೇ ಅಳತೆ ಇಟ್ಟುಕೊಂಡಿದ್ದೇನೆ. ಮನೆ ಬಾಗಿಲಿಂದ ಮನೆ ಬಾಗಿಲಿಗೆ ತಲೆಗೆ ಎಷ್ಟು ಬಿತ್ತು? ಕೊಟ್ಟ ರೊಕ್ಕಕ್ಕೆ ದೋಣಿ ನಿಜವಾಗಿ ಎಷ್ಟು ತಾಸು ಓಡಿತು?

ಮೊದಲು ಗೋವಾ, ಅದು ಬೇಗ ಮುಗಿಯುತ್ತದೆ. 2023ರ ಜನವರಿ, ನಾಲ್ಕು ಜನ. ಪಣಜಿಯ ಸಾಂತಾ ಮೋನಿಕಾ ಜೆಟ್ಟಿಯಿಂದ ಸಂಜೆ ಒಂದು ತಾಸಿನ ಕ್ರೂಸ್. ತಲೆಗೆ 500 ರೂಪಾಯಿ. ಮೇಲಿನ ಡೆಕ್ಕಿನಲ್ಲಿ ಕುರ್ಚಿ, ಒಂದು ವೇದಿಕೆ, ಫುಗಡಿ ಮತ್ತು ಪೋರ್ಚುಗೀಸ್ ಶೈಲಿಯ ಕುಣಿತ. ನಡುವೆ ಮಕ್ಕಳನ್ನು ಕರೆದು ಕುಣಿಸುತ್ತಾರೆ, ಆಮೇಲೆ ಗಂಡ ಹೆಂಡತಿಯರನ್ನು. ನದಿ ನೋಡಲು ಹೋದರೆ ಸ್ಪೀಕರ್ ಕೇಳಿ ಬರುತ್ತೀರಿ. ಅರ್ಧ ತಾಸು ಮೊದಲೇ ಹೋಗದಿದ್ದರೆ ಕಟಾಂಜನದ ಪಕ್ಕದ ಜಾಗ ಸಿಗುವುದಿಲ್ಲ. ಬಸ್ಸು, ಒಂದು ರಾತ್ರಿಯ ಲಾಡ್ಜು, ಊಟ ಎಲ್ಲ ಸೇರಿ 8,500 ಆಯಿತು. ತಲೆಗೆ 2,125. ಇದರಲ್ಲಿ ಮುಚ್ಚುಮರೆ ಖರ್ಚು ಏನೂ ಇಲ್ಲ, ಅದನ್ನು ಒಪ್ಪಬೇಕು.

ಆದರೆ ನನಗೆ ಒಂದು ಮುಳ್ಳು ಚುಚ್ಚುತ್ತಿತ್ತು. ಗೋವಾದವರ ಈ ಮಾಂಡೋವಿಯೇ ನಮ್ಮ ಮಹದಾಯಿ. ಈ ನೀರಿಗಾಗಿ 2015ರಿಂದ ನರಗುಂದದಲ್ಲಿ ರೈತರು ಧರಣಿ ಕೂತರು. ಹುಬ್ಬಳ್ಳಿ ಎಷ್ಟೋ ಸಲ ಬಂದ್ ಆಯಿತು. 2018ರಲ್ಲಿ ನ್ಯಾಯಮಂಡಳಿ ತೀರ್ಪು ಕೊಟ್ಟ ಮೇಲೂ ಕಳಸಾ ಬಂಡೂರಿಯ ನೀರು ನಮ್ಮ ಮಲಪ್ರಭೆಗೆ ಬಂದಿಲ್ಲ. ಆ ನೀರಿನ ಮೇಲೆ ತಾಸಿಗೆ 500 ಕೊಟ್ಟು ಕುಣಿತ ನೋಡಿದೆವು. ಅದಿರಲಿ.

ಇನ್ನು ಕೇರಳದ ಆಲಪ್ಪುಳ. ಇದು ಗೋವಾಕ್ಕಿಂತ ಮೊದಲಿನದು, 2022ರ ಅಕ್ಟೋಬರ್, ದಸರಾ ರಜೆ. ನಾವಿಬ್ಬರು, ಮಗಳು, ನಮ್ಮ ಅತ್ತೆ. ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ಹೋಗುವ ಕೊಚ್ಚುವೇಲಿ ರೈಲು ಹಿಡಿದು ಎರ್ನಾಕುಲಂನಲ್ಲಿ ಇಳಿದೆವು. ವಾರಕ್ಕೊಮ್ಮೆಯ ರೈಲಾದ್ದರಿಂದ ಬರುವಾಗ ಬೆಂಗಳೂರಿನಲ್ಲಿ ಬದಲಾಯಿಸಬೇಕಾಯಿತು. ಎರಡು ಕೋಣೆಯ ಎಸಿ ಹೌಸ್‌ಬೋಟ್, ಊಟ ಸೇರಿ 14,000 ರೂಪಾಯಿ. ನಾಲ್ವರಿಗೆ ತಲೆಗೆ 3,500, ಆಗಬಹುದು ಅಂದುಕೊಂಡೆವು.

ದೋಣಿ ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಮೊದಲು ಭತ್ತ ಸಾಗಿಸುತ್ತಿದ್ದ ಕೆಟ್ಟುವಳ್ಳಂ ದೋಣಿಯ ಮಾದರಿ ಇದು. ಹಲಸಿನ ಮರದ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟುತ್ತಿದ್ದರಂತೆ. ಮಧ್ಯಾಹ್ನ ಹನ್ನೆರಡಕ್ಕೆ ಹತ್ತಿಸಿದರು. ಹನ್ನೆರಡೂವರೆಗೆ ಹೊರಟಿತು. ಊಟಕ್ಕೆ ಅಂತ ಒಂದು ತೆಂಗಿನ ತೋಪಿನ ಪಕ್ಕ ಒಂದು ತಾಸು ಕಟ್ಟಿದರು. ಮತ್ತೆ ಓಡಿತು. ಸಂಜೆ ಐದೂವರೆಗೆ ದಂಡೆಗೆ ಕಟ್ಟಿಬಿಟ್ಟರು! ರಾತ್ರಿ ಮೀನುಗಾರರು ಬಲೆ ಹಾಕುತ್ತಾರೆ, ಅದಕ್ಕೆ ಹೌಸ್‌ಬೋಟ್ ಓಡಿಸುವಂತಿಲ್ಲ. ನ್ಯಾಯವೇ. ಆದರೆ ರೊಕ್ಕ ಕಟ್ಟುವಾಗ ಇದನ್ನು ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಬಿಟ್ಟು ಒಂಬತ್ತಕ್ಕೆ ಇಳಿಸಿದರು.

ಲೆಕ್ಕ ಹಾಕಿ. ದೋಣಿಯಲ್ಲಿ ಇದ್ದದ್ದು 21 ತಾಸು, ಓಡಿದ್ದು ಐದು ತಾಸು. ತಾಸಿಗೆ ತಲೆಗೆ 700 ರೂಪಾಯಿ. ಗೋವಾಕ್ಕಿಂತ ತುಟ್ಟಿ ಆಯಿತಲ್ವಾ? ಉಳಿದದ್ದು ತೇಲುವ ಲಾಡ್ಜಿನ ಬಾಡಿಗೆ. ಅತ್ತೆ ಸೊಳ್ಳೆ ಹೊಡೆಯುತ್ತ ಕೂತವರು ಅಂದೇಬಿಟ್ಟರು: “ನಿಂತ ದೋಣ್ಯಾಗ ಮಲಗಾಕ ಇಷ್ಟು ರೊಕ್ಕ ಯಾಕ ಬೇಕಿತ್ತವಾ? ಉಣಕಲ್ ಕೆರಿ ದಂಡಿಗೆ ಚಾಪಿ ಹಾಸಿದ್ರ ನಡೀತಿತ್ತಲ್ಲ.”

ಎಸಿ ಅಂತ ಬರೆದಿದ್ದರೂ ಹಾಕಿದ್ದು ರಾತ್ರಿ ಒಂಬತ್ತಕ್ಕೆ. ಬೆಳಿಗ್ಗೆ ಆರಕ್ಕೆ ಬಂದ್. ಮಧ್ಯಾಹ್ನದ ಧಗೆಯಲ್ಲಿ ಫ್ಯಾನೇ ಗತಿ. ಹಗಲು ಪೂರ್ತಿ ಎಸಿ ಬೇಕಂದರೆ ಬೇರೆ ದರ. ಇನ್ನೊಂದು ವಿಷಯ ನಮ್ಮಂಥ ಸಸ್ಯಾಹಾರಿಗಳಿಗೆ. ಆ 14,000ದಲ್ಲಿ ಕರಿಮೀನಿನ ಹುರಿದ ತುಂಡೂ ಸೇರಿದೆ. ನಾವು ತಿನ್ನುವುದಿಲ್ಲ ಅಂದಿದ್ದಕ್ಕೆ ಹಪ್ಪಳ, ಎಲೆಕೋಸಿನ ಪಲ್ಯ ಬಂತು. ರೊಕ್ಕ ಕಡಿಮೆ ಆಗಲಿಲ್ಲ. ಬುಕ್ ಮಾಡುವಾಗಲೇ ‘ನಾಲ್ವರೂ ವೆಜ್’ ಅಂತ ಹೇಳಿ ದರ ಇಳಿಸಿಕೊಳ್ಳಿ. ನಂತರ ಹೋದವರೊಬ್ಬರು ಹಾಗೆ ಕೇಳಿ 1,000 ಉಳಿಸಿದರು.

ದೊಡ್ಡ ದೋಣಿ ಸಣ್ಣ ಕಾಲುವೆಯೊಳಗೆ ಹೋಗುವುದಿಲ್ಲ. ಕುಟ್ಟನಾಡಿನ ನಿಜವಾದ ಸೊಗಸು ಇರುವುದು ಆ ಕಾಲುವೆಗಳಲ್ಲಿ. ಮನೆ ಬಾಗಿಲಲ್ಲೇ ಪಾತ್ರೆ ತೊಳೆಯುವ ಹೆಂಗಸರು, ನೀರಿಗಿಂತ ಕೆಳಗೆ ಇರುವ ಗದ್ದೆಗಳು. ಅದನ್ನು ನೋಡಲು 800 ಕೊಟ್ಟು ಒಂದು ತಾಸು ಶಿಕಾರಾ ಅನ್ನುವ ಸಣ್ಣ ದೋಣಿ ಬೇರೆ ಮಾಡಿದೆವು. ಇಡೀ ಪ್ರವಾಸದಲ್ಲಿ ಅತ್ತೆ ಖುಷಿಯಾಗಿದ್ದು ಆ ಒಂದು ತಾಸು. ರೈಲು, ಟ್ಯಾಕ್ಸಿ, ಹಿಂದಿನ ರಾತ್ರಿಯ ಲಾಡ್ಜು, ದಾರಿಯ ಊಟ ಸೇರಿ ಒಟ್ಟು 26,500. ತಲೆಗೆ 6,625. ಹೇಳಿದ್ದು 3,500.

ಒಂದು ಮಾತು ಇಳಿದ ಮೇಲೆ ಗೊತ್ತಾಯಿತು. ಅದೇ ಆಲಪ್ಪುಳ ಜೆಟ್ಟಿಯಿಂದ ಕೇರಳ ಸರ್ಕಾರದ ಬೋಟುಗಳು ನಮ್ಮ ಬಸ್ಸಿನ ಹಾಗೆ ಓಡಾಡುತ್ತವೆ. ಕೊಟ್ಟಾಯಂವರೆಗೆ ಎರಡೂವರೆ ತಾಸಿನ ದಾರಿ, ಟಿಕೆಟ್ ಮೂವತ್ತು ರೂಪಾಯಿ ಆಸುಪಾಸು. ವೇಂಬನಾಡು ಕೆರೆ ಅದೇ, ನೀರು ಅದೇ. ಸಾಲೆ ಹುಡುಗರು, ಬುಟ್ಟಿ ಹೊತ್ತ ಅಜ್ಜಿಯರು ಜೊತೆಗೆ. ಮತ್ತೆ ಹೋದರೆ ನಾನು ಅದರಲ್ಲೇ ಹೋಗಿ, ದಂಡೆಯ ಲಾಡ್ಜಿನಲ್ಲಿ ಮಲಗುತ್ತೇನೆ.

ನೈಲ್ ನದಿಯದು ದೊಡ್ಡ ಕಥೆ. ಮದುವೆಯಾಗಿ 25 ವರ್ಷ ಆಯಿತು ಅನ್ನುವ ನೆಪ, 2024ರ ಫೆಬ್ರವರಿ. ಅದಕ್ಕೂ ಮೊದಲು ನಾವು ನೋಡಿದ್ದು ‘ಗಂಗಾ ವಿಲಾಸ್’. 2023ರ ಜನವರಿಯಲ್ಲಿ ಪ್ರಧಾನಿ ಚಾಲನೆ ಕೊಟ್ಟ ಹಡಗು. ವಾರಾಣಸಿಯಿಂದ ಬಾಂಗ್ಲಾದೇಶದ ಮೂಲಕ ದಿಬ್ರೂಗಢದವರೆಗೆ, 51 ದಿನ, 3,200 ಕಿಲೋಮೀಟರ್. ಪೂರ್ತಿ ಪ್ರವಾಸಕ್ಕೆ ಒಬ್ಬರಿಗೆ 12 ಲಕ್ಷಕ್ಕೂ ಹೆಚ್ಚು ಅಂತ ಪತ್ರಿಕೆಯಲ್ಲಿ ಓದಿ, ಪತ್ರಿಕೆ ಮಡಿಚಿಟ್ಟೆವು. ಯುರೋಪಿನ ರೈನ್ ನದಿಯ ಬಣ್ಣದ ಪುಸ್ತಕವನ್ನೂ ಏಜೆಂಟ್ ಕೊಟ್ಟಿದ್ದ. ಅಲ್ಲಿ 2018 ಮತ್ತು 2022ರ ಬೇಸಿಗೆಯಲ್ಲಿ ನೀರು ಇಳಿದು ಹಡಗುಗಳಿಗೆ ತೊಂದರೆಯಾಗಿತ್ತು. ನೀರಿಲ್ಲದ ನದಿ ನೋಡಲು ಬೆಣ್ಣೆಹಳ್ಳ ಸಾಕು ಅಂತ ಮನೆಯವರು ಅಂದರು.

ಈಜಿಪ್ಟಿಗೆ ಹೇಳಿದ ದರ ತಲೆಗೆ 1,10,000. ಮುಂಬೈಯಿಂದ ಮುಂಬೈಗೆ, ವಿಮಾನ ಸೇರಿ ಏಳು ರಾತ್ರಿ. ಅದರಲ್ಲಿ ಮೂರು ರಾತ್ರಿ ಹಡಗು, ಅಸ್ವಾನ್‌ನಿಂದ ಲಕ್ಸರ್‌ಗೆ.

ನಮ್ಮ ನಾದಿನಿಯೂ ಬರುತ್ತೇನೆ ಅಂದಳು. ಧಾರವಾಡದಲ್ಲಿ ಟೀಚರ್, ಒಬ್ಬಳೇ ಇರುತ್ತಾಳೆ. ಏಜೆಂಟ್ ಲೆಕ್ಕ ಹಾಕಿ, ಅವಳಿಗೆ 38,000 ಜಾಸ್ತಿ ಆಗುತ್ತೆ ಅಂದ. ಯಾಕಂದರೆ ಬರೆದ ದರ ಯಾವಾಗಲೂ ‘ಒಂದು ಕೋಣೆಗೆ ಇಬ್ಬರು’ ಅನ್ನುವ ಲೆಕ್ಕದ್ದು. ಒಬ್ಬರೇ ಇದ್ದರೆ ಖಾಲಿ ಹಾಸಿಗೆಯ ರೊಕ್ಕವನ್ನೂ ಅವರೇ ತುಂಬಬೇಕು. “ವೈನಿ, ಒಬ್ಬಾಕಿ ಇದ್ದದ್ದಕ್ಕ ದಂಡ ಕಟ್ಟಬೇಕೇನ?” ಅಂದಳು. ನಾನು ಏನು ಹೇಳಲಿ? ಅವಳು ಬರಲಿಲ್ಲ.

ನಮ್ಮಿಬ್ಬರ ಬಿಲ್ ಹೀಗೆ ಬೆಳೆಯಿತು. ಪ್ಯಾಕೇಜ್ 2,20,000. ಮೇಲೆ ಐದು ಪರ್ಸೆಂಟ್ ಜಿಎಸ್‌ಟಿ, 11,000. ಅದರ ಮೇಲೆ ಟಿಸಿಎಸ್, ಅಂದರೆ ಏಜೆಂಟನೇ ನಮ್ಮಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ, 11,550. ಇದಕ್ಕೆ ಗಾಬರಿ ಬೇಡ. ಇದು ಮುಂಗಡ ತೆರಿಗೆಯ ಹಾಗೆ, ರಿಟರ್ನ್ ಸಲ್ಲಿಸಿದರೆ ಸರಿದೂಗುತ್ತದೆ. ಆದರೆ ಹೊರಡುವ ಹೊತ್ತಿಗೆ ಕೈಯಲ್ಲಿ ರೊಕ್ಕ ಇರಬೇಕಲ್ಲ. ಟಿಸಿಎಸ್ ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತ ಬಂದಿದೆ, ಬುಕ್ ಮಾಡುವ ದಿನ ಕೇಳಿಕೊಳ್ಳಿ. ವೀಸಾ 6,000. ಹುಬ್ಬಳ್ಳಿ ಮುಂಬೈ ಸ್ಲೀಪರ್ ಬಸ್ಸು ಹೋಗಿ ಬರಲು 4,800. ಹಡಗಿನ ಊಟ ಸೇರಿದೆ, ನೀರು ಚಹಾ ಸೇರಿಲ್ಲ, 2,500 ಅಲ್ಲೇ ಹೋಯಿತು. ಟಿಪ್ಸ್ ಅಂತ ತಲೆಗೆ 40 ಡಾಲರ್, ‘ಖುಷಿಯಿಂದ ಕೊಡುವುದು’ ಅನ್ನುತ್ತಾರೆ, ಆದರೆ ಮೊದಲ ದಿನವೇ ಇಸಿದುಕೊಳ್ಳುತ್ತಾರೆ. ಅದು 6,700. ಅಬು ಸಿಂಬೆಲ್ ದೇವಾಲಯ ‘ಐಚ್ಛಿಕ’. ಅಲ್ಲಿವರೆಗೆ ಹೋಗಿ ಅದನ್ನು ಬಿಟ್ಟು ಬರುವವರು ಯಾರು? 15,000.

ಟಿಸಿಎಸ್ ಬಿಟ್ಟು ಕೂಡಿಸಿದರೆ 2,66,000. ತಲೆಗೆ 1,33,000. ಹೇಳಿದ್ದರ ಮೇಲೆ ಐದರಲ್ಲಿ ಒಂದು ಪಾಲು ಜಾಸ್ತಿ. ಹಡಗಿನ ಪಾಲೆಷ್ಟು ಅಂತ ಬಿಡಿಸಿ ಕೇಳಿದ್ದೆ. ಮೂರು ರಾತ್ರಿಗೆ ತಲೆಗೆ 27,000 ಚಿಲ್ಲರೆ ಅಂದಿದ್ದ. ಹಡಗು ಓಡಿದ್ದು ಹದಿನೈದು ತಾಸು. ಅಂದರೆ ತಾಸಿಗೆ 1,800! ಉಳಿದ ಹೊತ್ತು ಕೋಂ ಓಂಬೊ, ಎಡ್ಫು ದೇವಾಲಯಗಳ ದಂಡೆಯಲ್ಲಿ ನಿಂತಿತ್ತು. ಹಡಗುಗಳನ್ನು ಒಂದರ ಪಕ್ಕ ಒಂದು ಕಟ್ಟುತ್ತಾರೆ. ‘ನದಿ ನೋಟದ ಕೋಣೆ’ಯ ಪರದೆ ಸರಿಸಿದರೆ ಪಕ್ಕದ ಹಡಗಿನವರು ಹಲ್ಲು ಉಜ್ಜುತ್ತಿದ್ದರು.

ಆದರೂ ಎಸ್ನಾದ ಲಾಕ್ ಗೇಟನ್ನು, ಅಂದರೆ ನೀರಿನ ಮಟ್ಟ ಏರಿಳಿಸಿ ಹಡಗು ದಾಟಿಸುವ ಗೇಟನ್ನು, ನಾನು ಮರೆಯುವುದಿಲ್ಲ. ಅಲ್ಲಿ ಹಡಗು ನಿಧಾನ ಆದ ಕೂಡಲೇ ಸಣ್ಣ ದೋಣಿಗಳಲ್ಲಿ ಬಟ್ಟೆ ವ್ಯಾಪಾರಿಗಳು ಮುತ್ತಿಕೊಂಡರು. ಕೆಳಗಿನಿಂದ ಕೂಗಿ, ಉದ್ದನೆಯ ಅಂಗಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮೂರನೇ ಮಹಡಿಯ ಡೆಕ್ಕಿಗೆ ಎಸೆಯುತ್ತಾರೆ. ಗುರಿ ತಪ್ಪುವುದಿಲ್ಲ. ಬೇಕಾದರೆ ಅದೇ ಚೀಲದಲ್ಲಿ ರೊಕ್ಕ ಇಟ್ಟು ಕೆಳಗೆ ಎಸೆಯಬೇಕು, ಬೇಡವಾದರೆ ಬಟ್ಟೆ ವಾಪಸ್ ಎಸೆಯಬೇಕು. ‘ಅಪ್ಪಟ ಹತ್ತಿ’ ಅಂತ 30 ಡಾಲರ್ ಹೇಳಿದ. ನಾನು ಬೆರಳಲ್ಲಿ ತಿಕ್ಕಿ ನೋಡಿದೆ, ಪಾಲಿಯೆಸ್ಟರ್ ಬೆರಕೆ. ಇಪ್ಪತ್ತು ವರ್ಷ ಜವಳಿ ಸಾಲಿನಲ್ಲಿ ಕೂತವಳಿಗೆ ಅಷ್ಟು ಗೊತ್ತಾಗದೇ? ಗೇಟು ತೆರೆಯುವ ಹೊತ್ತಿಗೆ ಎಂಟು ಡಾಲರ್‌ಗೆ ಬಂದ. ತಗೊಂಡೆ. ಮನೆಯವರು ಈಗ ಅದನ್ನು ಹಾಕಿಕೊಂಡೇ ಅಂಗಳದಲ್ಲಿ ಪೇಪರ್ ಓದುತ್ತಾರೆ. ನಾವು ಬಂದ ಮರುತಿಂಗಳೇ ಈಜಿಪ್ಟಿನ ಪೌಂಡ್ ಬೆಲೆ ದಡಕ್ಕನೆ ಬಿತ್ತು. ಸ್ವಲ್ಪ ಕಾದಿದ್ದರೆ ಅಂತ ಹೊಟ್ಟೆ ಉರಿಯಿತು. ಆಮೇಲೆ ನೋಡಿದರೆ ಪ್ಯಾಕೇಜ್ ಎಲ್ಲ ಡಾಲರಿನದೇ, ಏನೂ ಉಳಿಯುತ್ತಿರಲಿಲ್ಲ.

ಕೊನೆಯದು ಆಂಧ್ರದಲ್ಲಿ ಗೋದಾವರಿಯ ಪಾಪಿಕೊಂಡಲು ಬೆಟ್ಟಸಾಲು, 2024ರ ಡಿಸೆಂಬರ್. ಹುಬ್ಬಳ್ಳಿಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಗದಗ, ಬಳ್ಳಾರಿ, ವಿಜಯವಾಡ ದಾಟಿ ನೇರ ರಾಜಮಂಡ್ರಿ. ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ದೋಣಿಗೆ ತಲೆಗೆ 1,250, ಲಾಡ್ಜಿನಿಂದ ಕರೆದೊಯ್ಯುವ ಗಾಡಿ, ತಿಂಡಿ, ಮಧ್ಯಾಹ್ನದ ಊಟ ಅದರಲ್ಲೇ. ಪಪ್ಪು, ಗೊಂಗೂರ, ಆವಕಾಯಿ ಹಾಕಿದ ಬಿಸಿ ಅನ್ನ. ದೋಣಿ ಓಡಿದ್ದು ಆರೂವರೆ ತಾಸು. ತಾಸಿಗೆ 200 ರೂಪಾಯಿ ಸಹ ಇಲ್ಲ. ಎರಡೂ ಕಡೆ ಬೆಟ್ಟ ಒತ್ತಿಕೊಂಡು ಬರುವಾಗ ನದಿ ಕಿರಿದಾಗುತ್ತದೆ, ಗಾಳಿ ತಣ್ಣಗಾಗುತ್ತದೆ. ಸ್ಪೀಕರ್ ಇಲ್ಲೂ ಇತ್ತು. ಊಟ ಆದ ಮೇಲೆ ಹಾಡು ಹಾಕುವವನಿಗೇ ನಿದ್ದೆ ಬಂತು, ನಮ್ಮ ಪುಣ್ಯ.

ರಾಜಮಂಡ್ರಿಯಲ್ಲಿ ಎರಡು ರಾತ್ರಿ, ರೈಲು, ಆಟೋ ಸೇರಿ ಇಬ್ಬರಿಗೆ 9,500. ತಲೆಗೆ 4,750. ಇಲ್ಲಿ ಒಂದು ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. 2019ರ ಸೆಪ್ಟೆಂಬರ್ 15ರಂದು ಕಚ್ಚುಲೂರು ಬಳಿ ಪ್ರವಾಹದಲ್ಲಿ ದೋಣಿ ಮುಳುಗಿ ಹತ್ತಾರು ಪ್ರವಾಸಿಗರು ಸತ್ತರು. ಲೈಫ್ ಜಾಕೆಟ್ ಕೊಡದ, ಹೆಸರು ಬರೆದುಕೊಳ್ಳದ ದೋಣಿ ನೂರು ರೂಪಾಯಿ ಅಗ್ಗ ಅಂದರೂ ಹತ್ತಬೇಡಿ. ಮಳೆಗಾಲದಲ್ಲಂತೂ ಹೋಗಲೇಬೇಡಿ.

ನಾದಿನಿಗೆ ಈ ಲೆಕ್ಕ ತೋರಿಸಿದೆ. ಅವಳು ಮೊದಲು ಕೇಳಿದ್ದೇ ಅದು: “ಒಬ್ಬಾಕಿಗೆ ಎಷ್ಟು?” ಒಬ್ಬಾಕಿಗೆ 1,250, ಇಬ್ಬರಿಗೆ 2,500. ದೋಣಿಯಲ್ಲಿ ಕೋಣೆ ಇಲ್ಲ, ಕುರ್ಚಿ ಅಷ್ಟೇ. ಈ ಡಿಸೆಂಬರ್‌ಗೆ ಅಮರಾವತಿಯಲ್ಲಿ ಮೂರು ಬರ್ತ್ ಬುಕ್ ಆಗಿವೆ. ಕಿಟಕಿ ಪಕ್ಕದ್ದು ತನಗೇ ಅಂತ ಈಗಲೇ ಹೇಳಿಟ್ಟಿದ್ದಾಳೆ.