ವಿದೇಶಿ ಕವಿಗಳ ಹೆಸರನ್ನು ಕೆಡಿಸದ ಲಿಬ್ರೆಆಫೀಸ್ ರೈಟರ್

ನಾನು ಮನೆಯಲ್ಲೇ ಪುಸ್ತಕಗಳ ಡಿಟಿಪಿ, ಅಂದರೆ ಅಚ್ಚಿಗೆ ಮುಂಚಿನ ಪುಟ ಜೋಡಣೆ, ಮಾಡುತ್ತೇನೆ. ಹೋದ ಬೇಸಿಗೆಯಲ್ಲಿ ವಿದೇಶಿ ಕವಿತೆಗಳ ಕನ್ನಡ ಅನುವಾದವೊಂದು ಕೈಗೆ ಬಂತು. ಪ್ರತಿ ಕವಿತೆಯ ಕೆಳಗೆ ಕವಿಯ ಹೆಸರು ಮೂಲ ಲಿಪಿಯಲ್ಲೂ ಇರಬೇಕು ಎಂದು ಅನುವಾದಕರು ಹೇಳಿದ್ದರು.

ಮೊದಲ ಪ್ರೂಫ್ ನೋಡಿ ಎದೆ ಧಸಕ್ಕೆಂದಿತು. ಪೆರುವಿನ ಕವಿ ಸೆಸರ್ ವಯೆಹೊ ಹೆಸರಿನ ನಡುವೆ ನಮ್ಮ ವ ಒತ್ತು ಕೂತಿತ್ತು! ಸೆಸರ್‌ನಲ್ಲಿ ತಲೆಯ ಮೇಲೆ ಓರೆಗೆರೆ ಇರುವ ರೋಮನ್ 'ಇ' (é) ಬರುತ್ತದೆ, ಕಂಪ್ಯೂಟರ್‌ನಲ್ಲಿ ಅದರ ನಂಬರ್ 233. ನಾನು ಬಳಸುತ್ತಿದ್ದುದು ಹಳೆಯ ಆಸ್ಕಿ ಫಾಂಟ್, ಅಂದರೆ ರೋಮನ್ ಅಕ್ಷರಗಳ 256 ಮನೆಗಳಲ್ಲೇ ಕನ್ನಡವನ್ನು ಕೂರಿಸಿದ ಫಾಂಟ್. ಅದರಲ್ಲಿ 233ನೇ ಮನೆ ವ ಒತ್ತಿನದು. ಆ ಒಂದು ಅಕ್ಷರಕ್ಕೆ ಕನ್ನಡ ಫಾಂಟ್ ಅಂಟಿಕೊಂಡಿದ್ದನ್ನು ನಾನು ಗಮನಿಸಿರಲಿಲ್ಲ. ಪೋಲೆಂಡಿನ ಕವಿ ವಿಸ್ವಾವಾ ಶಿಂಬೋರ್ಸ್ಕಾ ಅವರ ಮೊದಲ ಹೆಸರಿನಲ್ಲಿ ಬರುವ ಅಡ್ಡಗೀಟಿನ 'ಎಲ್' (ł) ಅಕ್ಷರಕ್ಕಂತೂ ಆ 256 ಮನೆಗಳಲ್ಲಿ ಜಾಗವೇ ಇರಲಿಲ್ಲ.

ಮಂಗಳಾ ಎಂಬವರನ್ನು ಮಂಗಲಾ ಎಂದು ಅಚ್ಚು ಹಾಕಿದರೆ ಅವರಿಗೆ ಬೇಸರವಾಗುತ್ತದೆ ಅಲ್ವಾ? ಹಾಗೇ ಇದೂ.

ಇಡೀ ಕೆಲಸವನ್ನು ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ನಂಬರ್ ಕೊಡುವ ಯೂನಿಕೋಡ್‌ಗೆ ಬದಲಿಸಿ, ಲಿಬ್ರೆಆಫೀಸ್‌ನ ಬರವಣಿಗೆ ಸಾಫ್ಟ್‌ವೇರ್ ಆದ ರೈಟರ್‌ಗೆ ತಂದೆ. ಯೂನಿಕೋಡ್‌ನಲ್ಲಿ ನಮ್ಮ ಕ ಅಕ್ಷರದ ನಂಬರ್ 3221. 233 ಆ 'ಇ'ಗೇ ಮೀಸಲು. ಜಗಳವೇ ಇಲ್ಲ. ಭಾಷೆಯ ಸೆಟ್ಟಿಂಗ್ಸ್‌ನಲ್ಲಿ ಕನ್ನಡದಂಥ ಲಿಪಿಗಳಿಗೆಂದೇ ಇರುವ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಆನ್ ಮಾಡಿದರೆ ಒಂದೇ ಸ್ಟೈಲ್‌ನಲ್ಲಿ ಎರಡು ಫಾಂಟ್ ಕೊಡಬಹುದು. ನಾನು ಕನ್ನಡಕ್ಕೆ ನೋಟೊ ಸೆರಿಫ್ ಕನ್ನಡ, ರೋಮನ್ ಲಿಪಿಗೆ ಜೆಂಟಿಯಂ ಇಟ್ಟೆ. ಅಕ್ಷರ ನೋಡಿ ರೈಟರೇ ಫಾಂಟ್ ಆರಿಸಿಕೊಳ್ಳುತ್ತದೆ. ಸೈಜನ್ನೂ ಬೇರೆ ಬೇರೆ ಇಡಬಹುದು. ಇದು ನನಗೆ ತುಂಬಾ ಇಷ್ಟವಾಯಿತು.

ಕೀಬೋರ್ಡ್‌ನಲ್ಲಿ ಇಲ್ಲದ ಅಕ್ಷರಕ್ಕೂ ದಾರಿ ಇದೆ. ಇಲ್ಲಿ ಯೂನಿಕೋಡ್ ನಂಬರನ್ನು ಮೇಲಿನಂತೆ ಹತ್ತರ ಎಣಿಕೆಯಲ್ಲಲ್ಲ, ಹದಿನಾರರ ಎಣಿಕೆಯಲ್ಲಿ (ಹೆಕ್ಸ್) ಕೊಡಬೇಕು. 0142 ಎಂದು ಟೈಪ್ ಮಾಡಿ ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿ. ಅಡ್ಡಗೀಟಿನ ಎಲ್ ಬರುತ್ತದೆ. 0101 ಕೊಟ್ಟರೆ ತಲೆಯ ಮೇಲೆ ಗೆರೆ ಇರುವ 'ಎ' (ā) ಬರುತ್ತದೆ. ಸಂಸ್ಕೃತ ಪದಗಳನ್ನು ರೋಮನ್ ಲಿಪಿಯಲ್ಲಿ ಬರೆಯುವವರಿಗೆ ಇದು ಬೇಕೇ ಬೇಕು.

ತೊಂದರೆ ಇಲ್ಲವೇ ಇಲ್ಲ ಎನ್ನಲಾರೆ. ಹಳೆಯ ಆಸ್ಕಿ ಫೈಲನ್ನು ರೈಟರ್ ತಾನಾಗಿ ಬದಲಿಸುವುದಿಲ್ಲ, ಮೊದಲು ಬೇರೆ ಕನ್ವರ್ಟರ್ ಬೇಕು. ಆಗ ರೋಮನ್ ಹೆಸರುಗಳನ್ನು ಪಕ್ಕಕ್ಕೆ ತೆಗೆದಿಡಿ. ಇಲ್ಲದಿದ್ದರೆ ಅವೂ ಕನ್ನಡವಾಗಿಬಿಡುತ್ತವೆ. ಎರಡು ಫಾಂಟಿನ ಎತ್ತರ ಬೇರೆಯಾದ್ದರಿಂದ ಸಾಲುಗಳ ನಡುವಿನ ಅಂತರವೂ ಏರುಪೇರಾಯಿತು. ಲೈನ್ ಸ್ಪೇಸಿಂಗ್ ಫಿಕ್ಸೆಡ್ ಮಾಡಿದ ಮೇಲೆ ಸರಿಹೋಯಿತು.

ಸಾಫ್ಟ್‌ವೇರ್, ಫಾಂಟ್ ಎಲ್ಲವೂ ಉಚಿತ. ಪಿಡಿಎಫ್‌ನಲ್ಲಿ ಫಾಂಟ್ ಸೇರಿಯೇ ಹೋಗುವುದರಿಂದ ಪ್ರೆಸ್‌ನಲ್ಲೂ ಅಕ್ಷರ ಕೆಡಲಿಲ್ಲ. ಎರಡನೇ ಪ್ರೂಫ್‌ನಲ್ಲಿ ಅನುವಾದಕರ ಕೆಂಪು ಪೆನ್ನು ಅಲ್ಲಲ್ಲಿ ಓಡಾಡಿತ್ತು, ಕವಿಗಳ ಹೆಸರಿನ ಮೇಲೆ ಮಾತ್ರ ಒಂದು ಗುರುತೂ ಇರಲಿಲ್ಲ.